ಡಾಂಬರಿನ ಮೇಲೆ ಹಾಸಿದ ಗೋಣಿ

ನಿಮ್ಮ ಬಡಾವಣೆಗೆ ರಸ್ತೆ ಬರುವ ಮೊದಲು ಅದೇ ಜಾಗದಲ್ಲಿ ಯಾರ ದಾರಿಯಿತ್ತೆಂದು ಎಂದಾದರೂ ಕೇಳಿದ್ದೀರಾ? ಬಿಸಿ ಡಾಂಬರಿನ ವಾಸನೆ ಬಂದಾಗಲೆಲ್ಲ ನನಗೆ ಶ್ರೀರಾಂಪುರದ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಕೆರೆಯ ಬದಿಯಲ್ಲಿ ಹೊಸ ರಸ್ತೆ ಹಾಕುತ್ತಿದ್ದರು. ನೀರಿನಿಂದ ಮೇಲೆ ಬಂದ ಆಮೆಯೊಂದು ಹೊಗೆಯಾಡುವ ಡಾಂಬರಿನತ್ತ ನಡೆಯುತ್ತಿತ್ತು. ಅದನ್ನು ಬದುಕಿಸುವ ಹೆಮ್ಮೆಯಲ್ಲಿ ನಾನು ಎತ್ತಿ ಕೆರೆಗೆ ಬಿಟ್ಟೆ. ಸ್ವಲ್ಪ ಹೊತ್ತಿಗೆ ಅದು ಮತ್ತೆ ಅಲ್ಲಿಗೇ ಬಂತು. ಎರಡನೆಯ ಸಲ ಎತ್ತಲು ಹೋದಾಗ, ಜಲ್ಲಿ ಹರಡುತ್ತಿದ್ದ ದೇವಮ್ಮ ತಡೆದರು.

“ನೀರಿಗೆ ಬುಡ್ಬ್ಯಾಡ ಕಣವ್ವ. ಮೊಟ್ಟೆ ಇಡಕ್ಕೆ ಒಂಟದೆ. ಆಚೆ ಹೊಲದ ಮಣ್ಣೇ ಬೇಕು ಅದ್ಕೆ.”

ಕೆಲಸದವರು ಕಾಲು ಸುಡದಂತೆ ಸುತ್ತಿಕೊಳ್ಳಲು ನೆನೆಸಿಟ್ಟಿದ್ದ ಗೋಣಿಗಳನ್ನು ದೇವಮ್ಮ ಡಾಂಬರಿನ ಮೇಲೆ ಅಡ್ಡಲಾಗಿ ಹಾಸಿದರು.

“ಮಹಾರಾಣಿಗೆ ಜಮಖಾನ ಬೇರೆ ಹಾಸ್ತೀಯೇನಮ್ಮ?” ಎನ್ನುತ್ತಲೇ ರೋಲರ್ ಚಾಲಕ ಇಂಜಿನ್ ನಿಲ್ಲಿಸಿದ.

ಆ ಮೌನದಲ್ಲಿ ಆಮೆ ಕತ್ತು ಚಾಚಿ, ಒಂದೊಂದೇ ಹೆಜ್ಜೆಯಿಟ್ಟು ದಾಟಿತು. ಅದರ ಉಗುರುಗಳು ಗೋಣಿಯನ್ನು ಕೆರೆಯುವ ಸದ್ದು ನಮಗೆಲ್ಲ ಕೇಳುತ್ತಿತ್ತು. ಅದು ಹೊಲದ ಹುಲ್ಲಿನಲ್ಲಿ ಮರೆಯಾಗುವವರೆಗೆ ಯಾರೂ ಕದಲಲಿಲ್ಲ.

“ಮುಂದಿನ್ ವರ್ಷ ಇದು ಮತ್ತೆ ಬಂದ್ರೆ ಯಾರು ನಿಲ್ಸ್ತಾರೋ ಗಾಡಿಯ,” ಎಂದರು ದೇವಮ್ಮ.

ನಿಮ್ಮೂರಿನ ಕೆರೆಯ ಪಕ್ಕ ರಸ್ತೆ ಬರುವುದಿದ್ದರೆ, ಅದರಡಿಯಲ್ಲಿ ಪ್ರಾಣಿಗಳು ದಾಟುವಂಥ ಮೋರಿ ಇಡಬೇಕೆಂದು ಕೆಲಸ ಆರಂಭವಾಗುವ ಮೊದಲೇ ಅರ್ಜಿ ಬರೆದು ಕೊಡಿ.