ದಪ್ಪ ಮೂತಿಯ ವಿಮಾನ

“ಅಪ್ಪ ಕೇಳಿದ್ರೆ ಸಖತ್ತಾಗಿದೆ ಅಂತ ಹೇಳು, ಅಷ್ಟೆ. ಮೂತಿ ಹಂಗಿದೆ, ಬಾಲ ಹಿಂಗಿದೆ ಅಂತ ಶುರು ಹಚ್ಕೋಬೇಡ,” ಎಂದು ಶಾಲಿನಿ ಗಂಡನಿಗೆ ತಾಕೀತು ಮಾಡುವಷ್ಟರಲ್ಲಿ ಕೆಳಗೆ ಸ್ಕೂಟರ್ ನಿಂತ ಸದ್ದಾಯಿತು. ಆಶ್ರಿತ್ ಮೇಜಿನ ಮೇಲಿದ್ದ ವಿಮಾನವನ್ನು ಇನ್ನೊಮ್ಮೆ ನೋಡಿದ. ಮಾವ ತಂದುಕೊಟ್ಟ ಪ್ಲಾಸ್ಟಿಕ್ ಕಿಟ್ಟಿನ ತುಂಡುಗಳನ್ನು ಅಂಟಿಸಿ, ಬಣ್ಣ ಹಚ್ಚಿ ಮುಗಿಸಿದ್ದ ಮಿಗ್ ಯುದ್ಧವಿಮಾನ ಅದು. ಡಬ್ಬದ ಮೇಲಿನ ಚಿತ್ರದಲ್ಲಿ ಈಟಿಯಂತೆ ಚೂಪಾಗಿತ್ತು. ಜೋಡಿಸಿದ ಮೇಲೆ ನೋಡಿದರೆ ಮೂತಿ ದಪ್ಪ, ಬಾಲ ಗಿಡ್ಡ, ರೆಕ್ಕೆಗಳು ಇರಬೇಕಾದ ಜಾಗಕ್ಕಿಂತ ಒಂದು ಬೆರಳು ಹಿಂದೆ. ಪೈಲಟ್ ಕೂರುವ ಕಡೆ ಬರೀ ಒಂದು ಗುಳಿ.

ಜರಗನಹಳ್ಳಿಯಿಂದ ಗಿರಿನಗರಕ್ಕೆ ಸ್ಕೂಟರಿನಲ್ಲಿ ಅರ್ಧ ಗಂಟೆ, ಟ್ರಾಫಿಕ್ ಕೈಕೊಟ್ಟರೆ ಮುಕ್ಕಾಲು. ಶಾಲಿನಿಯ ಅಪ್ಪ ಬೈರಣ್ಣನಿಗೆ ಅದೇ ದಾರಿ ಮೂರು ವರ್ಷ ಹಿಡಿದಿತ್ತು. ಮಗಳು ಜಯನಗರದ ಬ್ರಾಹ್ಮಣರ ಹುಡುಗನನ್ನು ರಿಜಿಸ್ಟರ್ ಮದುವೆಯಾದಂದು ಮಾತು ಬಿಟ್ಟಿದ್ದ ಮನುಷ್ಯ, ಹೋದ ತಿಂಗಳು ಇದ್ದಕ್ಕಿದ್ದಂತೆ ಬಂದು ಒಂದು ಲೋಟ ಕಾಫಿ ಕುಡಿದಿದ್ದ. ಶೋಕೇಸಿನ ತುಂಬ ಸಾಲಾಗಿ ನಿಂತಿದ್ದ ವಿಮಾನಗಳನ್ನು ನೋಡಿ, “ಇವೆಲ್ಲ ಸಾರ್ ಮಾಡಿದ್ದಾ?” ಎಂದು ಮಗಳನ್ನು ಕೇಳಿದ್ದ. ತನ್ನ ಬಿಲ್ಡಿಂಗುಗಳಲ್ಲಿ ಬಾಡಿಗೆಗೆ ಇರುವವರಿಗೆ ಹೇಳುವ ಅದೇ ‘ಸಾರ್’ ಅಳಿಯನಿಗೂ. “ಹೂಂ ಅಪ್ಪ. ಕಿಟ್ ಮಾಡೋರು ತಪ್ಪು ಮಾಡಿರ್ತಾರೆ, ಇವನು ಕೂತು ಉಜ್ಜಿ ಉಜ್ಜಿ ಸರಿ ಮಾಡ್ತಾನೆ,” ಎಂದಿದ್ದಳು ಶಾಲಿನಿ. ಮುಂದಿನ ವಾರವೇ ಬೈರಣ್ಣ ಈ ಡಬ್ಬವನ್ನು ತಂದು, ಬಾಗಿಲಲ್ಲೇ ಕೊಟ್ಟು ಹೋಗಿದ್ದ.

ಡಬ್ಬ ನೋಡುತ್ತಲೇ ಆಶ್ರಿತ್‌ನ ಮನಸ್ಸು ಕುಗ್ಗಿತ್ತು. ಈ ಹುಚ್ಚಿರುವವರು ಯಾರೂ ಮುಟ್ಟದ, ಅಂಗಡಿಯ ಮೂಲೆಯಲ್ಲಿ ಧೂಳು ತಿನ್ನುವ ಅಗ್ಗದ ಮಾಲು. ಮೂರು ಬಿಲ್ಡಿಂಗಿನ ಓನರ್ ತನಗೆ ಕಟ್ಟಿದ ಬೆಲೆ ಇಷ್ಟೇ ಅನ್ನಿಸಿ ನೋವಾಯಿತು. ಆದರೂ ಶಾಲಿನಿಗೋಸ್ಕರ ಕೂತು ಜೋಡಿಸಿದ. ಎಲ್ಲೂ ಉಜ್ಜಲಿಲ್ಲ, ಕೆತ್ತಲಿಲ್ಲ. ಕೊಟ್ಟಿದ್ದನ್ನು ತಿದ್ದಿದರೆ ಕೊಟ್ಟವರಿಗೆ ಅವಮಾನವಾಗುತ್ತದೆ ಎಂದು ಇಬ್ಬರೂ ಮಾತಾಡಿಕೊಂಡಿದ್ದರು. ತಪ್ಪು ಕಣ್ಣೆದುರಿಗೇ ಇದ್ದರೂ ಕೈಕಟ್ಟಿ ಕೂರುವುದು ಅವನಿಗೆ ಹಲ್ಲುನೋವು ತಡೆದುಕೊಂಡಷ್ಟು ಕಷ್ಟವಾಗಿತ್ತು.

ಬೈರಣ್ಣ ಒಳಗೆ ಬಂದವನೇ ಅವರೆಕಾಯಿ ತುಂಬಿದ ಚೀಲವನ್ನು ಮಗಳ ಕೈಗಿಟ್ಟು, ಕನ್ನಡಕ ಏರಿಸಿಕೊಂಡು ಮೇಜಿನ ಹತ್ತಿರ ಹೋದ. ವಿಮಾನವನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿದ.

“ಆಗ್ಲೇ ಮುಗ್ದೋಯ್ತಾ ಸಾರ್?”

“ಹೂಂ ಅಂಕಲ್. ಸಖತ್ ಕಿಟ್. ಎಲ್ಲೂ ಕೈ ಹಚ್ಚೋ ಹಂಗೇ ಇರ್ಲಿಲ್ಲ. ಪರ್ಫೆಕ್ಟ್!”

ಶಾಲಿನಿ ಅಡುಗೆಮನೆಯ ಬಾಗಿಲಿನಿಂದಲೇ ಗಂಡನಿಗೆ ಶಭಾಷ್ ಎಂಬಂತೆ ಕಣ್ಣು ಮಿಟುಕಿಸಿದಳು. ಬೈರಣ್ಣನ ಮುಖ ಮಾತ್ರ ಇಳಿದುಹೋಯಿತು. ವಿಮಾನವನ್ನು ಇದ್ದಲ್ಲೇ ಇಟ್ಟು, “ಹಂಗಾ... ಸರಿ ಬಿಡಿ. ನಾನು ಬರ್ತೀನಿ ಕಣವ್ವ,” ಎಂದು ಬಾಗಿಲ ಕಡೆ ತಿರುಗಿದ.

“ಅಯ್ಯೋ, ಈಗ ತಾನೇ ಬಂದ್ಯಲ್ಲಪ್ಪ! ಕಾಳು ಉಪ್ಪಿಟ್ಟು ಮಾಡ್ತೀನಿ, ಕೂತ್ಕೋ,” ಎನ್ನುತ್ತ ಶಾಲಿನಿ ಅವಸರದಲ್ಲಿ ಚೀಲವನ್ನು ಮೊರಕ್ಕೆ ಬಗ್ಗಿಸಿದಳು. ಅವರೆಕಾಯಿಯ ಜೊತೆಗೆ ಸುರುಳಿ ಸುತ್ತಿದ ಸ್ಯಾಂಡ್ ಪೇಪರ್ ಉರುಳಿ ಬಿತ್ತು. ಎರಡು ಹಾಳೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಬಾಗಿಲು ಕಿಟಕಿ ಉಜ್ಜುವ ಒರಟು ಸರಕು. ಅದನ್ನು ಪ್ಲಾಸ್ಟಿಕ್ಕಿಗೆ ತಾಗಿಸಿದರೆ ಮಿಗ್ಗೇ ಉಳಿಯುತ್ತಿರಲಿಲ್ಲ.

“ಇದೇನಪ್ಪ?”

ಬೈರಣ್ಣ ಸಿಕ್ಕಿಬಿದ್ದವನಂತೆ ನಿಂತ. ಅಳಿಯನ ಕಡೆ ನೋಡದೆ ಗೋಡೆಗೆ ಹೇಳುವವನಂತೆ ಹೇಳಿದ:

“ಅಂಗಡಿಯೋನು ಬೇಡ ಅಂತ್ಲೇ ಅಂದ. ‘ಅಂಕಲ್, ಇದ್ರಲ್ಲಿ ಒಂದೂ ಸರಿ ಇಲ್ಲ, ಉಜ್ಜಿ ಉಜ್ಜಿ ಸಾಕಾಗುತ್ತೆ’ ಅಂದ. ಹಂಗಾದ್ರೆ ಇದನ್ನೇ ಕೊಡಪ್ಪ ಅಂದೆ. ನಂಗೆ ಸುಮ್ನೆ ಕೂತು ಮಾತಾಡಕ್ಕೆ ಬರಲ್ಲ ಸಾರ್. ನಮ್ಮನೇಲಿ ಎಂಥಾ ಮುನಿಸಿದ್ರೂ ಅವರೆಕಾಯಿ ಸುಲಿಯೋವಾಗ್ಲೇ ಬಗೆಹರೀತಾ ಇದ್ದಿದ್ದು, ಬೇಕಾದ್ರೆ ಇವ್ಳನ್ನೇ ಕೇಳಿ. ಕೈಗೆ ಏನಾದ್ರೂ ಕೆಲ್ಸ ಇರ್ಬೇಕು ನಂಗೆ. ನಾಕು ಭಾನುವಾರ ನಿಮ್ ಪಕ್ಕ ಕೂತು ಉಜ್ಜಣ ಅಂದ್ಕೊಂಡಿದ್ದೆ. ನೀವೇ ಪರ್ಫೆಕ್ಟ್ ಅಂದ್ಮೇಲೆ ಇನ್ನೇನಿದೆ.”

ಶಾಲಿನಿ ಮೊರದ ಮುಂದೆ ಕುಕ್ಕರಗಾಲಲ್ಲಿ ಕೂತವಳು ತಲೆ ಎತ್ತಲಿಲ್ಲ. ಅವಳ ಕಣ್ಣಲ್ಲಿ ನೀರು ಬಂದಿತ್ತು. ಆಶ್ರಿತ್‌ಗೆ ನಾಚಿಕೆಯಾಯಿತು. ಇಷ್ಟು ದಿನ ಆ ಡಬ್ಬದ ಅಗ್ಗವನ್ನೇ ಅಳೆಯುತ್ತ ಕೂತಿದ್ದ ತನ್ನ ಮೇಲೆ ಸಿಟ್ಟೂ ಬಂತು. ಅವನು ಮೇಜಿನ ಹತ್ತಿರ ಹೋಗಿ ವಿಮಾನವನ್ನು ಕೈಗೆತ್ತಿಕೊಂಡ.

“ಸುಳ್ಳು ಹೇಳ್ದೆ ಮಾವ. ಅಂಗಡಿಯೋನು ಹೇಳಿದ್ದೇ ನಿಜ. ಇದ್ರಲ್ಲಿ ಒಂದೂ ಸರಿ ಇಲ್ಲ.”

ಹಾಗೆಂದು ಎರಡೂ ಕೈಯಲ್ಲಿ ಹಿಡಿದು ಲಟಕ್ಕನೆ ಮುರಿದ. ಮೂತಿ ಒಂದು ಕೈಯಲ್ಲಿ ಉಳಿಯಿತು, ರೆಕ್ಕೆ ಬಾಲ ಇನ್ನೊಂದು ಕೈಯಲ್ಲಿ.

ಬೈರಣ್ಣ ವಾಚು ಬಿಚ್ಚಿ ಜೇಬಿಗೆ ಹಾಕಿಕೊಂಡ. ಪಂಚೆ ಮೇಲೆತ್ತಿ ಕಟ್ಟಿ, ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಕೈ ಚಾಚಿದ.

“ಮೂತಿ ಇತ್ಲಾಗ್ ಕೊಡಿ ಅಳಿಯಂದ್ರೇ. ಅದಕ್ಕೇ ಜಾಸ್ತಿ ದಿನ ಹಿಡಿಯೋದು.”