ಆ ವರ್ಷದ ಗೋದಲಿ

ಕಬ್ಬಿನ ಒಣಗರಿಯ, ಅಂದರೆ ರವದಿಯ, ವಾಸನೆ ಬಂದರೆ ಈಗಲೂ ಆಯಿಯ ಆ ದಿನದ ಸಿಟ್ಟು ನನ್ನ ಮೈಗೇರುತ್ತದೆ. ಆಯಿ ಎಂದರೆ ಅಪ್ಪನ ತಾಯಿ.

ರಾಯಬಾಗದ ನಮ್ಮ ಮನೆಯಲ್ಲಿ ಕ್ರಿಸ್‌ಮಸ್ಸಿನ ಹಿಂದಿನ ಮಧ್ಯಾಹ್ನ ದನಗಳನ್ನು ಹೊರಗೆ ಕಟ್ಟಿ, ಕೊಟ್ಟಿಗೆ ತೊಳೆದು, ಅವು ಮೇವು ತಿನ್ನುವ ಗೋದಲಿಯಲ್ಲೇ ರವದಿ ಹಾಸಿ ಬಾಲಯೇಸುವಿನ ಮಣ್ಣಿನ ಗೊಂಬೆ ಮಲಗಿಸುವುದು ರೂಢಿ. ಆ ವರ್ಷ ಅಪ್ಪ ಬಣ್ಣದ ಲೈಟಿನ ಸರ ಬೇರೆ ತಂದಿದ್ದ. ಒಳಗೆ ಅವ್ವ, ಆಯಿ ಕರ್ಚಿಕಾಯಿ ಕರಿಯುತ್ತಿದ್ದರು.

ಕಬ್ಬು ಕಡಿಯಲು ಬಂದ ಗ್ಯಾಂಗಿನ ಹೆಂಗಸೊಬ್ಬಳು ಅಂಗಳಕ್ಕೆ ಬಂದಳು. ಬಗಲಲ್ಲಿ ಜ್ವರದ ಕೂಸು. ಬಿಸಿಲು ಇಳಿಯುವವರೆಗೆ ಕೊಟ್ಟಿಗೆಯಲ್ಲಿ ಮಲಗಿಸಲೇ ಎಂದು ಮರಾಠಿಯಲ್ಲಿ ಕೇಳಿದಳು.

“ಇಲ್ಲಿ ಜಾಗಾ ಇಲ್ಲ ಬೇ. ಗ್ವಾದ್ಲಿ ಕೆಡತೈತಿ. ಸಂಜೀಕ ಮಂದಿ ನೋಡಾಕ ಬರ್ತಾರ,” ಎಂದ ಅಪ್ಪ, ಲೈಟು ಕಟ್ಟುತ್ತಿದ್ದ ಏಣಿಯಿಂದ ಇಳಿಯದೆ.

ನಾನು ಓಡಿಹೋಗಿ ಆಯಿಗೆ ಹೇಳಿದೆ. ಹಿಟ್ಟಿನ ಕೈಯಲ್ಲೇ ಆಯಿ ರಸ್ತೆಯವರೆಗೆ ಹೋದಳು. ಆ ಹೆಂಗಸು ಎಲ್ಲೂ ಕಾಣಲಿಲ್ಲ. ತಿರುಗಿ ಬಂದವಳೇ ಗೋದಲಿಗೆ ಕೈ ಹಾಕಿ ಗೊಂಬೆಯನ್ನು ತೆಗೆದು ಸೆರಗಿನಲ್ಲಿ ಸುತ್ತಿಕೊಂಡಳು.

“ಯವ್ವಾ, ಏನ್ ಮಾಡಾಕತ್ತಿ?” ಎಂದ ಅಪ್ಪ.

“ಸುಮ್ನಿರಲೇ. ನೀ ಲೈಟ್ ಹಚ್ಚು.”

ಸಂಜೆ ಬಂದವರೆಲ್ಲ ಮಿಣಮಿಣ ಲೈಟಿನ ಕೆಳಗೆ ಬರೀ ರವದಿ ನೋಡಿ, ಕೂಸು ಎಲ್ಲಿ ಎಂದು ಕೇಳಿದರು.

ಕೇಳಿದವರಿಗೆಲ್ಲ ಆಯಿ ಅಪ್ಪನ ಮುಖ ನೋಡುತ್ತಲೇ ಹೇಳಿದಳು: “ಬಂದಿತ್ರಿ. ಜಾಗಾ ಇಲ್ಲಂತ ನನ್ನ ಮಗಾ ಹೊಳ್ಳಿ ಕಳಸ್ಯಾನ.”