ತುಂಬಿದ ಡಬ್ಬಗಳ ದಾರಿ

"ಕೆಂಪು ಗಾಡಿನೇ ಕೊಡಿ," ಎಂದಳು ಅಕ್ಕ. ಅಂಗಡಿಯ ಹಿಂದಿನ ಮಣ್ಣುದಿಬ್ಬವನ್ನು ಆ ನಾಲ್ಕು ಗಾಲಿಯ ಗುಡ್ಡಗಾಡು ಬೈಕು, ಎಟಿವಿ, ಆಗಷ್ಟೇ ಒಂದೇ ಉಸಿರಿಗೆ ಹತ್ತಿತ್ತು. ಹಸಿರು ಗಾಡಿ ಅದೇ ದಿಬ್ಬವನ್ನು ಮನಸ್ಸಿಲ್ಲದ ಮನಸ್ಸಿನಿಂದ ಏರಿತ್ತು. ಹ್ಯಾಂಡಲ್ ಬೇರೆ ಭಾರ.

"ಈ ಕೆಂಪಿನ ಮುಂದಿನ ಗಾಲಿಗಳಿಗೆ ತಲೆ ಇದೆ ಕಣೋ," ತಮ್ಮನಿಗೆ ವಿವರಿಸಿದಳು. "ಹಿಂದಿನವು ಜಾರಿದ ತಕ್ಷಣ ತಾವಾಗೇ ಕೈ ಜೋಡಿಸ್ತವೆ. ನೀನು ಯಾವತ್ತಾದ್ರೂ ಹೇಳದೆ ಕೆಲಸ ಮಾಡಿದ್ದೀಯಾ?"

ನಲವತ್ತು ದಾಟಿದ ತಮ್ಮ ನಕ್ಕ. ಅಕ್ಕ ಮಾತಾಡುವುದು, ಅವನು ನಗುವುದು, ಮನೆಯಲ್ಲಿ ಮೊದಲಿನಿಂದಲೂ ಹಾಗೇ.

ಮೆಕ್ಯಾನಿಕ್ ಕೈಯ ಗ್ರೀಸ್ ಒರೆಸಿಕೊಳ್ಳುತ್ತ ಕೇಳಿದ, "ಗುಡ್ಡದಲ್ಲಿ ಏನು ಕೆಲಸ ನಿಮ್ದು?"

"ಜೇನು. ಪೆಟ್ಟಿಗೆಗಳೆಲ್ಲ ಮೇಲಿವೆ. ನಾನು ಅಲ್ಲೇ ಇದ್ದು ಜೇನುತುಪ್ಪ ತೆಗೆದು ಡಬ್ಬ ತುಂಬ್ತೀನಿ. ಇವನು ಕೆಳಗೆ ಸಾಗಿಸ್ತಾನೆ."

"ಅಂದ್ರೆ ಹತ್ತುವಾಗ ಖಾಲಿ, ಇಳಿಯುವಾಗ ಭರ್ತಿ." ಮೆಕ್ಯಾನಿಕ್ ತಮ್ಮನ ಕಡೆ ತಿರುಗಿದ. "ಇಳಿಯೋದು ಹೇಗಿರುತ್ತೆ ಸ್ವಾಮಿ?"

ತಮ್ಮ ಅಕ್ಕನ ಮುಖ ನೋಡಿದ. "ಹೇಗೋ ಇಳೀತೀನಿ."

"ಹಳೇ ಗಾಡಿನೂ ಈ ಕೆಂಪಿನ ಥರದ್ದೇನಾ?"

"ಅದೇ ಥರ," ಎಂದಳು ಅಕ್ಕ. "ಹನ್ನೊಂದು ವರ್ಷ ದುಡೀತು, ಪಾಪ."

ಮೆಕ್ಯಾನಿಕ್ ಕೆಂಪು ಗಾಡಿಯನ್ನು ದಿಬ್ಬದ ಮೇಲಕ್ಕೆ ಒಯ್ದ. ಹಿಂದುಗಡೆ ಎರಡು ಮರಳಿನ ಮೂಟೆ ಕಟ್ಟಿದ. ಇಳಿಜಾರಿನ ಮೇಲೆ ಪೈಪಿನಿಂದ ನೀರು ಬಿಟ್ಟ. "ಈಗ ನೀವೇ ಇಳಿಸಿ ನೋಡಿ, ತಾಯಿ. ಕೆಳಗೆ ಹಳೇ ಟಯರ್ ರಾಶಿ ಇದೆ, ಏನೂ ಆಗಲ್ಲ."

ನಾಲ್ಕು ಮಾರು ಇಳಿಯುವಷ್ಟರಲ್ಲಿ ಗಾಡಿಯ ಹಿಂಭಾಗ ಅವಳನ್ನೇ ದಾಟಿಕೊಂಡು ಮುಂದೆ ಹೋಗಲು ನೋಡಿತು. ಬ್ರೇಕ್ ಒತ್ತಿದಷ್ಟೂ ಜಾರಿತು. ಕಿರುಚಲೂ ಪುರುಸೊತ್ತಾಗದೆ, ಅಡ್ಡಡ್ಡವಾಗಿ ಬಂದು ಟಯರುಗಳಿಗೆ ಒರಗಿ ನಿಂತಳು.

"ಹತ್ತುವಾಗ ಮುಂದಿನ ಗಾಲಿ ಸಹಾಯಕ್ಕೆ ಬರ್ತವೆ, ನಿಜ," ಎಂದ ಮೆಕ್ಯಾನಿಕ್. "ಇಳಿಯುವಾಗ ಇಂಜಿನ್ನು ಹಿಂದಿನ ಎರಡನ್ನಷ್ಟೇ ಹಿಡಿದಿರುತ್ತೆ. ಮುಂದಿನವು ಸುಮ್ನೆ ಉರುಳ್ತವೆ. ಹಸಿರಲ್ಲಿ ಈ ಗುಂಡಿ ಒತ್ತಿ. ನಾಲ್ಕನ್ನೂ ಹಿಡ್ಕೊಂಡೇ ಇಳಿಸುತ್ತೆ."

ಅದೇ ಮೂಟೆ, ಅದೇ ಕೆಸರು. ಹಸಿರು ಗಾಡಿ ಮೆಟ್ಟಿಲಿಳಿಯುವ ಹಾಗೆ ಒಂದೊಂದೇ ಅಡಿ ಇಳಿದು ನಿಂತಿತು. ಅಕ್ಕ ಕೆಳಗಿಳಿದಳು, ಆದರೆ ಹ್ಯಾಂಡಲ್ ಬಿಡಲಿಲ್ಲ. ತಮ್ಮನನ್ನು ಕೇಳಿದಳು.

"ಹಳೇ ಗಾಡೀಲೂ ದಿನಾ ಆ ಕೆಂಪಿನ ಹಾಗೇ ಆಗ್ತಿತ್ತೇನೋ?"

"ಇಲ್ಲಕ್ಕ. ಮಳೆ ಬಿದ್ದಿದ್ರೆ ಮಾತ್ರ."

"ಒಂದು ಸಲನಾದ್ರೂ ಬಾಯಿ ಬಿಟ್ಟು ಹೇಳ್ಬಾರ್ದಾ?"

"ಡಬ್ಬ ಒಂದೂ ಒಡೆದಿಲ್ವಲ್ಲಕ್ಕ."

ಅಕ್ಕ ಮೆಕ್ಯಾನಿಕ್‌ನ ಗ್ರೀಸ್ ಮೆತ್ತಿದ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದುಕೊಂಡಳು. "ಹಸಿರು ಗಾಡಿನೇ ಕೊಡಿ. ಇಷ್ಟು ವರ್ಷ ನಾನು ಕೇಳದೇ ಇದ್ದದ್ದನ್ನ ನೀವು ಕೇಳಿದ್ರಿ. ನಿಮ್ಮ ಹೊಟ್ಟೆ ತಣ್ಣಗಿರಲಿ." ಆಮೇಲೆ ತಮ್ಮನ ಕಡೆ ತಿರುಗಿದಳು. "ನಾನು ಮೇಲೆ ನಿಂತು ಕೂಗ್ತಿದ್ದೆ ಕಣೋ. ಬೇಗ ಇಳಿಯೋ ಸೋಮಾರಿ, ಬೇಗ ಇಳಿಯೋ ಅಂತ."

ತಮ್ಮ ಅಂಗಿಯ ಅಂಚಿನಿಂದ ಅವಳ ಮೊಣಕೈಯ ಕೆಸರನ್ನು ಒರೆಸತೊಡಗಿದ.

"ಕೂಗ್ತಿದ್ಯಾ?" ಎಂದ, ತಲೆ ಎತ್ತದೆ. "ಇಂಜಿನ್ ಸದ್ದಿಗೆ ಏನೂ ಕೇಳಿಸ್ತಿರ್ಲಿಲ್ಲ ಬಿಡಕ್ಕ."